ಪಾಚಿಬಲೆ ಉಜ್ಜಿದ ಶುಕ್ರವಾರ

ಕೋಡಿ ಮುಳುಗಿದ ನೂರ ಮೂವತ್ತೆರಡನೆಯ ವರ್ಷ,
ಎರಡನೆಯ ಸೋಣೆ ತಿಂಗಳಿನ ಮೂವತ್ತೆಂಟನೆಯ ದಿನ, ಶುಕ್ರವಾರ,
ಹೊಸಕೋಡಿ, ಗುಡ್ಡದ ಮೇಲೆ.

ಕೋಡಿಯ ಸುಗುಣಜ್ಜಿಯವರಿಗೆ, ನಿಮ್ಮಿಂದ ಏಳನೆಯ ತಲೆಮಾರಿನ ಮುಕಾಂಬು ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ಕಂಡು ಗಾಬರಿಯಾಗಬೇಡಿ. ನಿಮ್ಮ ಪಂಚಾಂಗದಲ್ಲಿ ಸೋಣೆ ಒಂದೇ ಇತ್ತು, ತಿಂಗಳಿಗೆ ಮೂವತ್ತೆರಡರ ಮೇಲೆ ದಿನ ಇರಲಿಲ್ಲ ಎಂದು ನಾನೂ ಶಾಲೆಯಲ್ಲಿ ಕಲಿತಿದ್ದೇನೆ. ಈಗ ಹಿಡಿದ ಮಳೆ ಬಿಡುವುದಿಲ್ಲ. ಹಬ್ಬಗಳು ಮಳೆಯಲ್ಲಿ ಕೊಚ್ಚಿಹೋಗಬಾರದೆಂದು ನಮ್ಮ ಹಿರಿಯರು ಸೋಣೆಯನ್ನು ಎರಡು ಮಾಡಿ, ಎರಡನೆಯದನ್ನು ಮಳೆ ನಿಲ್ಲುವ ತನಕ ಎಳೆದುಕೊಂಡು ಹೋಗುವ ಪದ್ಧತಿ ಇಟ್ಟರು. ಇನ್ನೂ ಕೆಲವು ಮಾತು ನಿಮಗೆ ಹೊಸದಾಗಿ ಕಾಣಬಹುದು. ಅರ್ಥವನ್ನು ಅಲ್ಲಲ್ಲೇ ಹೇಳುತ್ತಾ ಹೋಗುತ್ತೇನೆ, ಕ್ಷಮಿಸಬೇಕು. ಈ ಕಾಗದಕ್ಕೇ ನಾವು ಹಿಂದೋಲೆ ಎನ್ನುತ್ತೇವೆ. ಹಿಂದೆ ಆಗಿಹೋದವರಿಗೆ ಬರೆಯುವ ಓಲೆ. ಬರೆದು ಬೊಬ್ಬರ್ಯ ದೈವದ ಮುಂದೆ ಒಂದು ದಿನ ಇಟ್ಟು, ಆಮೇಲೆ ಕಡಲಿಗೆ ಬಿಡುತ್ತೇವೆ. ಮುಟ್ಟಿಸುವುದು ಅವನ ಕೆಲಸ. ಸಾಮಾನ್ಯವಾಗಿ ಹಿಂದೋಲೆಯಲ್ಲಿ ಆಶೀರ್ವಾದ ಬೇಡುತ್ತಾರೆ. ನಾನು ಬೇಡುವುದಕ್ಕೆ ಕೂತಿಲ್ಲ. ಬಯ್ಯುವುದಕ್ಕೆ ಕೂತಿದ್ದೇನೆ.

ಅಜ್ಜಿ ಎಂದು ಕರೆದೆ. ನಿಮ್ಮ ಮೀನಿನ ತೊಟ್ಟಿಯ ವಿಷಯವಾಗಿ ನೀವು ಆ ಪುಸ್ತಕ ಬರೆಯುವಾಗ ನಿಮಗೆ ಮೂವತ್ತಾರು ಎಂದು ಮೊದಲ ಪುಟದಲ್ಲಿ ನೀವೇ ಬರೆದಿದ್ದೀರಿ. ನನಗೆ ಐವತ್ತು. ಬಯ್ಯುವ ವಯಸ್ಸು ನನ್ನದೇ, ಆದರೂ ಬಹುವಚನ ಬಿಡುವುದಿಲ್ಲ.

ನಿಮ್ಮ ಕಾಲದವರನ್ನು ಕಡಲು ಕೆಡಿಸಿದ್ದಕ್ಕೆ ಬಯ್ಯುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಶಾಲೆಯಲ್ಲಿ ಅದಕ್ಕೊಂದು ಪಾಠವೇ ಇದೆ. ನನ್ನ ಸಿಟ್ಟು ಅಷ್ಟು ದೊಡ್ಡದಲ್ಲ. ನನ್ನ ಸಿಟ್ಟು ಒಂದು ಪುಟದ ಮೇಲೆ, ಒಂದು ಹಿಡಿ ಅನ್ನದ ಮೇಲೆ. ಅದು ಹೇಗೆಂದು ನಿಮಗೆ ತಿಳಿಯಬೇಕಾದರೆ ನಮ್ಮ ಬದುಕನ್ನು ಸ್ವಲ್ಪ ಹೇಳಬೇಕು.

ನೀವಿದ್ದ ಕೋಡಿ ಈಗ ನೀರಿನ ಅಡಿ. ನಾವು ಗುಡ್ಡದ ಮೇಲೆ ನೂರ ನಾಲ್ಕು ಮನೆ ಇದ್ದೇವೆ. ಕಡಲು ಮೆಟ್ಟಿಲ ಬುಡದಲ್ಲೇ ಇದೆ, ಬೆಳಗಾದರೆ ಅದಕ್ಕೇ ಕೈ ಮುಗಿಯುತ್ತೇವೆ, ಆದರೆ ಅದರಲ್ಲಿ ಲೋಳೆಮೀನು ಬಿಟ್ಟರೆ ಬೇರೆ ಜೀವ ಇಲ್ಲ. ಬಂಗುಡೆ, ಬೂತಾಯಿ, ಕಾಣೆ ಎನ್ನುವ ಮೀನುಗಳ ಹೆಸರು ನಮ್ಮ ಮಕ್ಕಳಿಗೆ ಬಾಯಿಪಾಠದಲ್ಲಿ ಮಾತ್ರ ಗೊತ್ತು. ಗಂಡಸರು ಗುಡ್ಡದ ಹಿಂದೆ ಉಪ್ಪುಗದ್ದೆ ಮಾಡುತ್ತಾರೆ, ಹೆಂಗಸರು ಮಳೆನೀರಿನ ಕೆರೆ ಕಾಯುತ್ತಾರೆ. ಮೀನು ಹಿಡಿಯದ ಮೊಗವೀರರು ನಾವು, ಹೇಳಿಕೊಳ್ಳಲು ನಾಚಿಕೆ. ದಕ್ಷಿಣದಲ್ಲಿ ಒಂದು ಬೀಜಮನೆ ಇದೆ. ಹಿಂದಿನವರು ಉಳಿಸಿಟ್ಟ ಮೀನಿನ ಬೀಜ ಕಾಯುವ ದೊಡ್ಡ ಮನೆ. ಕಡಲತೊಟ್ಟಿ ಕಟ್ಟಿ, ನೀರು ಶುದ್ಧ ಇಡುವ ಊರಿಗೆ ಅವರು ಮರಿ ಕೊಡುತ್ತಾರೆ. ಮರಿ ಬೆಳೆದು ಮೊಟ್ಟೆ ಇಟ್ಟರೆ, ಆ ಸಂತಾನವನ್ನು ಅಳಿವೆಯಲ್ಲಿ ಕಟ್ಟಿದ ಬೇಲಿಯೊಳಗೆ ಬಿಡಬಹುದು. ಅಲ್ಲಿಂದ ಕಡಲಿಗೆ. ಉತ್ತರದ ಎರಡು ಊರುಗಳಲ್ಲಿ ಅದು ಆಗಿದೆ. ನಮ್ಮಲ್ಲಿ ಆಗಿಲ್ಲ. ನಮ್ಮಲ್ಲಿ ಎರಡು ಸಲ ಮರಿ ತಂದು ಎರಡು ಸಲವೂ ಕೊಂದೆವು.

ಕಡಲತೊಟ್ಟಿ ಎಂದರೆ ನೀವು ಅಕ್ವೇರಿಯಂ ಎಂದು ಬರೆದದ್ದೇ. ನಮ್ಮದು ದೊಡ್ಡದು, ಎಂಟು ಮೊಳ ಉದ್ದ, ಬೊಬ್ಬರ್ಯನ ಗುಡಿಯ ಬಲಗೋಡೆಗೆ ತಾಗಿ ನಿಂತಿದೆ. ಕಡಲಿನ ನೀರು ಅದಕ್ಕೆ ಆಗದು, ಮಳೆನೀರಿಗೆ ಕಟ್ಟುಪ್ಪು ಬೆರೆಸುತ್ತೇವೆ. ಕಟ್ಟುಪ್ಪು ಎಂದರೆ ಹಳೆಯ ಕಡಲಿನ ರುಚಿಗೆ ಹೊಂದುವಂತೆ ಕೂಡಿಸಿದ ಉಪ್ಪು. ತೊಟ್ಟಿ ಇಟ್ಟವರಿಗೆಲ್ಲ ಒಂದೇ ಸಂಕಟ, ನಿಮಗೂ ಇತ್ತು. ಮೀನು ತಿನ್ನುತ್ತದೆ, ಹೇಲುತ್ತದೆ, ಆ ಕೊಳೆ ನೀರಿನಲ್ಲೇ ಕರಗುತ್ತದೆ. ಕೊಳೆ ಉಂಡು ಪಾಚಿ ಬೆಳೆಯುತ್ತದೆ. ಹೊಸ ತೊಟ್ಟಿಯಲ್ಲಂತೂ ಮೊದಲು ಮರಳಿನ ಮೇಲೆ ಕಂದು ಹುಡಿ, ಆಮೇಲೆ ಗಾಜಿನ ಮೇಲೆ ಹಸಿರು ಕೂದಲು. ಅದಕ್ಕೆ ನಿಮ್ಮ ಪುಸ್ತಕದಲ್ಲಿ ಒಂದು ಉಪಾಯ ಇತ್ತು, ಆಲ್ಗೆ ಸ್ಕ್ರಬ್ಬರ್ ಎಂದು ಬರೆದು ಚಿತ್ರ ಬಿಡಿಸಿದ್ದೀರಿ. ನಾವು ಪಾಚಿಬಲೆ ಎನ್ನುತ್ತೇವೆ. ಒರಟು ಬಲೆಯ ತುಂಡೊಂದನ್ನು ತೊಟ್ಟಿಯ ಹಿಂದೆ ತೂಗುಹಾಕಿ, ಮೇಲಿಂದ ತೊಟ್ಟಿಯ ನೀರನ್ನು ತೆಳ್ಳಗೆ ಇಳಿಬಿಟ್ಟು, ಎದುರಿಗೆ ಬೆಳಕು ಇಡುವುದು. ಪಾಚಿ ಬೆಳೆಯುವುದು ಹೇಗೂ ತಪ್ಪದು, ಮೀನಿನ ಮನೆಯಲ್ಲಿ ಬೆಳೆಯುವ ಬದಲು ನಾವು ತೋರಿಸಿದ ಜಾಗದಲ್ಲಿ ಬೆಳೆಯಲಿ. ವಾರಕ್ಕೊಮ್ಮೆ ಕೆರೆದು ತೆಗೆದರೆ ಕೊಳೆ ಅದರೊಂದಿಗೆ ಹೊರಗೆ ಹೋಯಿತು. ಎಷ್ಟು ಚಂದದ ಬುದ್ಧಿ ಇದು. ನನ್ನ ಮುತ್ತಜ್ಜ ಮೀನು ಹಿಡಿಯುತ್ತಿದ್ದ ಬಲೆಯ ಕೊನೆಯ ತುಂಡನ್ನೇ ನಾವು ಅದಕ್ಕೆ ಕೊಟ್ಟೆವು.

ನಿಮ್ಮ ಪುಸ್ತಕ ನಮಗೆ ಹೇಗೆ ಸಿಕ್ಕಿತು ಎಂದರೆ, ಕೋಡಿ ಬಿಡುವಾಗ ಯಾರೋ ಒಬ್ಬಳು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಕ್ಕಿ ಡಬ್ಬಿಗೆ ಹಾಕಿದ್ದಳಂತೆ. ಪ್ಲಾಸ್ಟಿಕ್ಕಿನಿಂದ ನಮಗಾದ ಉಪಕಾರ ಅದೊಂದೇ. ಇಡೀ ಊರಿನಲ್ಲಿ ಉಪ್ಪುನೀರಿನ ತೊಟ್ಟಿ ಇಟ್ಟು, ಕೈಬರಹದಲ್ಲಿ ಬರೆದಿಟ್ಟವರು ನೀವೊಬ್ಬರೇ. ಹಾಗಾಗಿ ಅದು ನಮಗೆ ಶಾಸ್ತ್ರವಾಯಿತು. ಗುಡಿಯಲ್ಲಿ ದೈವದ ಕತ್ತಿಯ ಪಕ್ಕದಲ್ಲೇ ಅದಕ್ಕೆ ಮಣೆ. ಶುಕ್ರವಾರ ಸಂಜೆ ಓದಿಸುತ್ತಾರೆ, ಏಳನೆಯ ತನಕ ಶಾಲೆಗೆ ಹೋದವಳೆಂದು ಓದುವ ಕೆಲಸ ನನ್ನದು. ತೊಟ್ಟಿಯ ನೀರಿಗೆ ತಾಮ್ರದ ಕೊಡ ಮುಟ್ಟಿಸಬೇಡಿ, ಸೀಗಡಿ ಸಾಯುತ್ತದೆ ಎಂದು ಬರೆದಿದ್ದಿರಿ. ದೈವದ ಕೆಲಸಕ್ಕೆ ತಾಮ್ರವೇ ಶ್ರೇಷ್ಠ ಎನ್ನುವ ನಮ್ಮ ಜನ ಅದನ್ನೂ ಕೇಳಿದರು, ಮಣ್ಣಿನ ಕೊಡ ತಂದರು. ಅದಕ್ಕೆ ನಿಮಗೆ ಉಪಕಾರ. ಆದರೆ ಕೊನೆಯ ಪುಟದಲ್ಲಿ ತೆಂಗಿನೆಣ್ಣೆ, ಉದ್ದಿನಬೇಳೆ, ಬೆಂಕಿಪೊಟ್ಟಣ, ಚಪ್ಪಲಿ ಹೊಲಿಸುವುದು ಎಂದು ಬರೆದಿದ್ದೀರಲ್ಲ, ಅದನ್ನು ಓದುವಾಗಲೂ ಹೆಂಗಸರು ಕಣ್ಣುಮುಚ್ಚಿ ಕೈಮುಗಿಯುತ್ತಾರೆ. ನನಗೆ ನಗು ಬಂದರೂ ನಗುವಂತಿಲ್ಲ.

ಈಗ ನಿಮ್ಮ ಹದಿಮೂರನೆಯ ಪುಟಕ್ಕೆ ಬರುತ್ತೇನೆ. ಅಲ್ಲಿ ನೀವು ಬರೆದದ್ದು ಇಷ್ಟು: ಇಂದು ಶುಕ್ರವಾರ, ಸ್ಕ್ರಬ್ಬರಿನ ಬಲೆಯನ್ನು ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ ಫಳಫಳ ಮಾಡಿದೆ. ಅಷ್ಟೇ. ಯಾಕೆ ಎಂದಿಲ್ಲ, ಮುಂದೇನಾಯಿತು ಎಂದಿಲ್ಲ. ನಮ್ಮವರಿಗೆ ಅಷ್ಟು ಸಾಕಾಯಿತು. ಬಲೆಗೆ ಲೋಳೆ ಹಿಡಿಯುವುದು ಮೊಗವೀರರ ಮನೆಗೆ ಮೊದಲಿಂದಲೂ ಅವಮಾನ, ತೊಳೆದು ಒಣಗಿಸದ ಬಲೆಯ ಮನೆಗೆ ಹೆಣ್ಣು ಕೊಡುತ್ತಿರಲಿಲ್ಲವಂತೆ. ಅದರ ಮೇಲೆ ದೈವದ ಸ್ಥಳ, ಅದರ ಮೇಲೆ ಅಜ್ಜಿಯ ಶಾಸ್ತ್ರ. ಪ್ರತಿ ಶುಕ್ರವಾರ ಮೂವರು ಹೆಂಗಸರು ಮಿಂದು, ಒದ್ದೆ ಬಟ್ಟೆಯಲ್ಲೇ ಪಾಚಿಬಲೆ ಇಳಿಸಿ, ಹುಣಸೆ ಬೂದಿ ಹಾಕಿ, ದೇವರ ತಟ್ಟೆ ಬೆಳಗಿದ ಹಾಗೆ ಬೆಳಗಿ ಪುನಃ ತೂಗುಹಾಕುವುದು. ಬೆಳಗಿದ ಬಲೆ ಏನನ್ನೂ ಉಣ್ಣುವುದಿಲ್ಲ, ಅಜ್ಜಿ. ಬೇರು ಸಮೇತ ಹೋದ ಪಾಚಿ ಮತ್ತೆ ಮೊದಲಿಂದ ಹಿಡಿಯಬೇಕು, ಹಿಡಿಯುವ ಹೊತ್ತಿಗೆ ಮುಂದಿನ ಶುಕ್ರವಾರ ಬಂತು. ಕೊಳೆಯೆಲ್ಲ ತೊಟ್ಟಿಯಲ್ಲೇ ಉಳಿಯಿತು. ಬಲೆ ಫಳಫಳ, ಮೀನಿಗೆ ಉಸಿರಿಲ್ಲ.

ಮೊದಲ ಸಲ ಮರಿ ಸತ್ತದ್ದು ನನ್ನ ಅಜ್ಜಿಯ ಕಾಲದಲ್ಲಿ. ಎರಡನೆಯ ಸಲ ನನಗೆ ಇಪ್ಪತ್ತನಾಲ್ಕು. ಆಗ ತೊಟ್ಟಿ ಕಾಯುತ್ತಿದ್ದದ್ದು ನನ್ನ ಚಿಕ್ಕಿ, ಅಮ್ಮನ ತಂಗಿ ಅಕ್ಕಣಿ. ಹನ್ನೆರಡು ಕಾಣೆ ಮರಿ, ಕಿರುಬೆರಳಿನಷ್ಟು. ಚಿಕ್ಕಿ ಅವಕ್ಕೆ ಒಂದೊಂದಕ್ಕೂ ಹೆಸರಿಟ್ಟಿದ್ದಳು. ಎರಡು ತಿಂಗಳಲ್ಲಿ ಹನ್ನೆರಡೂ ಹೊಟ್ಟೆ ಮೇಲಾಗಿ ತೇಲಿದವು. ಶಾಸ್ತ್ರದಲ್ಲಿ ತಪ್ಪಿಲ್ಲ, ಶುಕ್ರವಾರ ಒಂದೂ ತಪ್ಪಿಲ್ಲ, ಹಾಗಾದರೆ ತಪ್ಪು ಯಾರದ್ದು? ಚಿಕ್ಕಿ ಹೊರಗಾದ ದಿನಗಳಲ್ಲಿ ತೊಟ್ಟಿ ಮುಟ್ಟಿರಬೇಕು ಎಂದು ಯಾರೋ ಅಂದರು. ಯಾರು ಮೊದಲು ಅಂದರೆಂದು ಇವತ್ತಿಗೂ ಗೊತ್ತಿಲ್ಲ, ಎರಡು ದಿನದಲ್ಲಿ ಊರೆಲ್ಲ ಅದನ್ನೇ ಹೇಳಿತು. ಆಗಿನ ಗುರಿಕಾರರು, ಎಂದರೆ ನಮ್ಮ ಕೂಟದ ಹಿರಿಯರು, ಅವಳು ಇನ್ನು ಗುಡಿಯ ಸುತ್ತಿನ ಪಾಗಾರದ ಗೋಡೆ ದಾಟಬಾರದು ಎಂದು ತೀರ್ಪು ಕೊಟ್ಟರು. ಚಿಕ್ಕಿ ಒಂದೇ ಸಲ ಇಲ್ಲ ಎಂದಳು. ಆಮೇಲೆ ಮಾತಾಡಲಿಲ್ಲ. ಆದರೆ ಬರುವುದನ್ನು ಬಿಡಲಿಲ್ಲ. ಇಪ್ಪತ್ತಾರು ವರ್ಷ ಪ್ರತಿ ಶುಕ್ರವಾರ ಪಾಗಾರದ ಹೊರಗಿನ ಕಲ್ಲಿನ ಮೇಲೆ ಕೂತು, ನಾನು ಒಳಗೆ ನಿಮ್ಮ ಪುಸ್ತಕ ಓದುವುದನ್ನು ಕೇಳಿ, ಗೋಡೆಗೆ ಕೈಮುಗಿದು ಹೋಗುತ್ತಿದ್ದಳು. ಮಳೆಗೆ ಗೊರಬು ಹಾಕಿಕೊಂಡು ಬರುತ್ತಿದ್ದಳು. ಪ್ರಸಾದವನ್ನು ಪಾಗಾರದ ಮೇಲಿಟ್ಟರೆ ತೆಗೆದುಕೊಳ್ಳುತ್ತಿದ್ದಳು.

ಬೀಜಮನೆಯವರು ಇಪ್ಪತ್ತೈದು ವರ್ಷ ಮರಿ ಇಲ್ಲ ಎಂದು ಬರೆದುಕೊಟ್ಟರು. ಈ ವರ್ಷ ಹೊಸ ತೊಟ್ಟಿ ಕಟ್ಟಿದ ಮೇಲೆ ಒಂಬತ್ತು ಕಾಣೆ ಮರಿ ಕೊಟ್ಟರು. ಇವು ಸತ್ತರೆ ಹೊಸಕೋಡಿಯ ಹೆಸರು ಪಟ್ಟಿಯಿಂದ ತೆಗೆಯುತ್ತೇವೆ, ಮತ್ತೆ ಕೇಳಬೇಡಿ ಎಂದರು. ತೊಟ್ಟಿ ಕಾಯುವ ಕೆಲಸಕ್ಕೆ ಯಾರೂ ಮುಂದೆ ಬರಲಿಲ್ಲ. ಚಿಕ್ಕಿಗೆ ಆದದ್ದನ್ನು ಎಲ್ಲ ಹೆಂಗಸರೂ ಕಂಡಿದ್ದರು. ನನಗೆ ಮುಟ್ಟು ನಿಂತು ವರ್ಷವಾಗಿತ್ತು, ಆ ಮಾತು ನನ್ನ ಮೇಲೆ ಬರಲಾರದು ಎಂದು ನಾನು ಒಪ್ಪಿದೆ. ಬೇರೆ ಏನಾದರೂ ಹುಡುಕುತ್ತಾರೆ ಎಂದು ನನ್ನ ಗಂಡ ಹೇಳಿದ್ದ. ಎಂಟನೆಯ ದಿನ ಬಲೆಯ ಮೇಲೆ ಕಂದು ಲೋಳೆ ಕಂಡಿತು. ಒಂಬತ್ತನೆಯ ದಿನ ಶುಕ್ರವಾರ, ಉಜ್ಜಿದೆವು. ಮುಂದಿನ ಶುಕ್ರವಾರವೂ ಉಜ್ಜಿದೆವು. ಮೂರನೆಯ ವಾರ ಗಾಜಿಗೆ ಕೂದಲು ಹಿಡಿಯಿತು, ಎರಡು ಮರಿ ಸತ್ತವು. ಉಳಿದ ಏಳು ಬೆಳಗಾಗುವ ಹೊತ್ತಿಗೆ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಹೆಂಗಸರು ನನ್ನ ಮುಖ ನೋಡಲು ಶುರುಮಾಡಿದರು.

ಆ ವಾರ ಓದುವುದಕ್ಕೆಂದು ಪುಸ್ತಕ ತೆಗೆದಾಗ ಅದರೊಳಗಿಂದ ಒಂದು ಜಿರಲೆ ಓಡಿತು. ಕಡಲಿನ ಜೀವವೆಲ್ಲ ಹೋದರೂ ಜಿರಲೆ ಹೋಗಿಲ್ಲ, ನಿಮಗೆ ಸಮಾಧಾನವಾಗಲಿ. ಅದು ಎಲ್ಲಿಂದ ಬಂತೆಂದು ನೋಡಿದರೆ, ಹದಿಮೂರನೆಯ ಪುಟ ಎಂದು ನಾವು ತಿಳಿದದ್ದು ಒಂದು ಹಾಳೆಯಲ್ಲ, ಎರಡು ಹಾಳೆ. ಅಂಚಿಗೆಲ್ಲ ಅನ್ನ ಹಚ್ಚಿ ಅಂಟಿಸಿದ್ದೀರಿ. ಲಕೋಟೆಗೆ ಗೋಂದಿಲ್ಲದಾಗ ಎರಡು ಅಗುಳು ಅನ್ನ ತಿಕ್ಕಿ ಅಂಟಿಸುವುದು ನಮ್ಮ ಮನೆಗಳಲ್ಲಿ ಈಗಲೂ ಇದೆ, ಆ ಕಲೆ ನನಗೆ ಗೊತ್ತು. ಒಣಗಿದ ಆ ಅನ್ನವನ್ನು ಜಿರಲೆ ತಿಂದು, ಅಂಚು ಬಿಟ್ಟುಕೊಂಡಿತ್ತು. ಒಳಗಿನ ಎರಡು ಬದಿಯಲ್ಲಿ ನಿಮ್ಮದೇ ಅಕ್ಷರ. ಇನ್ನೂರು ವರ್ಷಕ್ಕೆ ಹತ್ತಿರವಾಯಿತು, ಗಾಳಿ ತಾಗದೆ ಶಾಯಿ ನಿನ್ನೆ ಬರೆದಂತಿತ್ತು.

ನೀವು ಮರೆತಿದ್ದರೆ ನೆನಪಿಸುತ್ತೇನೆ. ಅಂದು ನಿಮ್ಮ ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ತೊಟ್ಟಿ ಇದ್ದದ್ದು ಚಾವಡಿಯಲ್ಲಿ. ಬಲೆಯ ಹಸಿರು ಲೋಳೆ ಕಂಡು, ಇದು ಎಂತಹ ಕೊಳಕು ಮನೆ ಎಂದು ಅಂದುಕೊಂಡಾರೆಂದು ಉಜ್ಜಿದಿರಿ. ಫಳಫಳ ಮಾಡಿದ್ದು ಮೀನಿಗಲ್ಲ, ನೆಂಟರಿಗೆ. ನಾಲ್ಕು ದಿನದ ಮೇಲೆ ನಿಮ್ಮ ಬಣ್ಣದ ಮೀನು ಎರಡು ಸತ್ತವು. ತೊಟ್ಟಿ ಮಾರಿದ ಅಂಗಡಿಯವನು ಫೋನಿನಲ್ಲಿ ಬೈದ: ಬಲೆಯನ್ನು ಎಂದೂ ಪೂರ್ತಿ ಉಜ್ಜಬಾರದು, ಮೊದಲ ಒಂದು ತಿಂಗಳು ಮುಟ್ಟಲೇಬಾರದು, ಆಮೇಲೆ ವಾರಕ್ಕೆ ಅರ್ಧ ಕೆರೆದು ಅರ್ಧ ಬಿಡಬೇಕು, ಬರೀ ಸಿಹಿನೀರು ಸಾಕು, ಹುಳಿ ಬೂದಿ ಯಾವುದೂ ಕೂಡದು. ಇಷ್ಟನ್ನೂ ನೀವು ಬರೆದುಕೊಂಡಿರಿ. ಕಡೆಯಲ್ಲಿ, ಇವರಿಗೆ ಹೇಳಿದರೆ ನಗುತ್ತಾರೆ, ಮೀನು ತಾನಾಗಿ ಸತ್ತಿತು ಎಂದೆ, ಎಂದು ಬರೆದು ಅಂಟಿಸಿಬಿಟ್ಟಿರಿ.

ಒಂದು ನಗುವಿಗೆ ಹೆದರಿದಿರಲ್ಲ, ಅಜ್ಜಿ. ಆಗಿನ ಒಂದು ನಗು ಅರ್ಧ ಗಳಿಗೆಯಲ್ಲಿ ಮುಗಿಯುತ್ತಿತ್ತು. ಅದನ್ನು ತಪ್ಪಿಸಿಕೊಳ್ಳಲು ಹೋಗಿ ನೀವು ಸರಿಯಾದ ಮಾತನ್ನು ಮುಚ್ಚಿಟ್ಟು, ತಪ್ಪಾದ ಮಾತನ್ನು ಮೇಲೆ ಬಿಟ್ಟಿರಿ. ಆ ತಪ್ಪಿಗೆ ನಾವು ಆರತಿ ಎತ್ತಿದೆವು. ನನ್ನ ಚಿಕ್ಕಿ ಇಪ್ಪತ್ತಾರು ವರ್ಷ ಕೂತ ಕಲ್ಲು ನಿಮ್ಮ ಚಾವಡಿಯಿಂದ ಬಂದದ್ದು. ಹೇಳಿ, ಯಾರು ಹೊರಗಾದವರು?

ಆ ಶುಕ್ರವಾರ ನಾನು ಹುಣಸೆಯ ತಟ್ಟೆ ಬದಿಗಿಟ್ಟು, ಬಲೆ ಇಳಿಸಲು ಬಿಡದೆ, ಎಲ್ಲರ ಮುಂದೆ ಆ ಎರಡು ಪುಟ ಓದಿದೆ. ಈಗಿನ ಗುರಿಕಾರರು ಹೆರಿಯಣ್ಣ, ಅಂದು ತೀರ್ಪು ಕೊಟ್ಟವರ ಮಗ. ಕೆಟ್ಟವರಲ್ಲ, ಹಠ ಜಾಸ್ತಿ. ಪುಸ್ತಕ ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅಜ್ಜಿ ಬರೆದದ್ದನ್ನು ಅಜ್ಜಿಯೇ ಅಂಟಿಸಿದ ಮೇಲೆ ಅದು ಓದಲಿಕ್ಕೆ ಇರುವುದಲ್ಲ ಎಂದರು. ದೈವ ತೆರೆಯಬೇಕೆಂದಿದ್ದರೆ ಇಷ್ಟು ವರ್ಷ ಯಾಕೆ ತೆರೆಯಲಿಲ್ಲ ಎಂದರು. ದೈವ ಜಿರಲೆಯ ರೂಪದಲ್ಲಿ ಬಂದದ್ದಾ ಎಂದು ಹಿಂದಿನಿಂದ ಯಾರೋ ಕೇಳಿದರು, ನಾಲ್ಕು ಜನ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಬೊಬ್ಬರ್ಯನಿಗೆ ಜಿರಲೆಯೂ ಆಳೇ ಎಂದೆ. ಆಗ ಹೆರಿಯಣ್ಣ ನಿಜವಾಗಿ ನೊಂದವರ ಹಾಗೆ ಕೇಳಿದರು:

"ಅಲ್ದಾ ಮುಕಾಂಬು, ಸುಗುಣಜ್ಜಿ ತಪ್ಪ್ ಮಾಡ್ತ್ರಾ?"

"ಅಜ್ಜಿ ದೈವ ಅಲ್ಲ ಹೆರಿಯಣ್ಣ. ನಮ್ಮಂಗೇ ಮೀನ್ ಕೊಂದ ಹೆಂಗ್ಸ್," ಎಂದೆ.

ಹೇಳಿದ ಮೇಲೆ ನನಗೇ ಹೆದರಿಕೆಯಾಯಿತು, ಮನಸ್ಸಿನಲ್ಲೇ ದೈವಕ್ಕೆ ಕೈಮುಗಿದೆ. ಆಗ ಪಾಗಾರದ ಆಚೆಯಿಂದ ಚಿಕ್ಕಿಯ ದನಿ ಬಂತು. ಇಪ್ಪತ್ತಾರು ವರ್ಷದಲ್ಲಿ ಆ ಗೋಡೆಯ ಮೇಲಿಂದ ಅವಳು ಮಾತಾಡಿದ್ದು ಅದೇ ಮೊದಲು.

"ಹೆಣೆ, ಇನ್ನೊಂದ್ ಸಲ ಓದ್ ಕಾಂಬ."

ಓದಿದೆ. ಈ ಸಲ ದೊಡ್ಡದಾಗಿ, ಗೋಡೆಯ ಕಡೆಗೆ ತಿರುಗಿ ಓದಿದೆ. ಅರ್ಧ ಕೆರೆದು ಅರ್ಧ ಬಿಡಬೇಕು ಎನ್ನುವಲ್ಲಿಗೆ ಬಂದಾಗ ಆ ಸಾಲನ್ನು ಎರಡು ಸಲ ಓದಿದೆ. ಮುಗಿದ ಮೇಲೆ ಹೆರಿಯಣ್ಣ ತೊಟ್ಟಿಯ ಹತ್ತಿರ ಹೋಗಿ, ಬಾಯಿ ಬಿಡುತ್ತಿದ್ದ ಮರಿಗಳನ್ನು ತುಂಬ ಹೊತ್ತು ನೋಡಿದರು. ಆಮೇಲೆ ತಟ್ಟೆಯಲ್ಲಿದ್ದ ಹುಣಸೆಯ ಉಂಡೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಇದ್ ಸಾರಿಗಾರೂ ಆತ್ತ್," ಎಂದರು.

ಹುಣಸೆ ಇನ್ನು ಬಲೆಗಲ್ಲ, ಅಡುಗೆಯ ಸಾರಿಗೆ. ಅವರ ಬಾಯಲ್ಲಿ ಅದೇ ತೀರ್ಪು. ಆಮೇಲೆ ತಾವೇ ಪಾಗಾರದ ತನಕ ನಡೆದು ಹೋಗಿ ಚಿಕ್ಕಿಯನ್ನು ಒಳಗೆ ಕರೆದರು. ಚಿಕ್ಕಿ ಏಳಲಿಲ್ಲ. ಮೀನು ಬದುಕಲಿ, ಆಮೇಲೆ ಬರುತ್ತೇನೆ, ಈಗ ಬಂದು ಅವು ಸತ್ತರೆ ಮತ್ತೆ ನನ್ನ ತಲೆಗೇ ಕಟ್ಟುತ್ತೀರಿ ಎಂದಳು. ಅವಳು ಹೇಳಿದ್ದರಲ್ಲಿ ಸುಳ್ಳೇನಿದೆ?

ಅಲ್ಲಿಂದ ಇವತ್ತಿಗೆ ಅರವತ್ತಮೂರು ದಿನ. ಮೊದಲ ತಿಂಗಳು ಬಲೆಯನ್ನು ಯಾರೂ ಮುಟ್ಟದ ಹಾಗೆ ಕಾದೆ. ದಿನಕ್ಕೆರಡು ಬಿಂದಿಗೆ ಹಳೆ ನೀರು ತೆಗೆದು ಹೊಸದು ಹಾಕಿದೆ, ಮರಿಗಳಿಗೆ ತಿನ್ನುವುದಕ್ಕೆ ಅರ್ಧ ಮಾಡಿದೆ, ಗಾಜಿನ ಕೂದಲನ್ನು ಕೈಯಲ್ಲೇ ಕಿತ್ತೆ. ಬಲೆಯ ಮೇಲೆ ಕಂದು ಹೋಗಿ ಹಸಿರು ಬಂತು, ಹಸಿರು ದಪ್ಪವಾಯಿತು, ಕಡೆಗೆ ನೆನೆದ ಕಂಬಳಿಯಂತಾಯಿತು. ಅದನ್ನು ಕಂಡು ಹೇಸುತ್ತಿದ್ದ ನಮ್ಮ ಹೆಂಗಸರು ಈಗ ಬಂದು ಎಷ್ಟು ಬೆರಳು ದಪ್ಪ ಎಂದು ಅಳೆಯುತ್ತಾರೆ. ಬಲೆ ದಪ್ಪವಾದ ಹಾಗೆ ಗಾಜು ತಾನಾಗಿ ತಿಳಿಯಾಯಿತು. ಈಗ ಶುಕ್ರವಾರಕ್ಕೆ ಒಂದು ಅರ್ಧ ಮಾತ್ರ ಕೆರೆಯುತ್ತೇವೆ. ಅದರಲ್ಲೂ ಮೊದಲು ಎಡದ ಅರ್ಧವೋ ಬಲದ ಅರ್ಧವೋ, ಯಾವುದು ಶ್ರೇಷ್ಠ ಎಂದು ಹೋದ ವಾರ ಜಗಳವಾಯಿತು. ನಮ್ಮ ಜನಕ್ಕೆ ನಾನು ಏನು ಹೇಳಲಿ. ಯಾವ ಅರ್ಧವಾದರೂ ಆಗುತ್ತದೆ ಎಂದು ಪುಸ್ತಕದ ಅಂಚಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದು, ಕೆಳಗೆ ನನ್ನ ಹೆಸರು ಹಾಕಿದ್ದೇನೆ. ಅದಕ್ಕೆ ಮೊದಲು ಎರಡು ಶುಕ್ರವಾರ ನಾನೂ ಉಜ್ಜಿದೆ, ನನ್ನ ಕೈಯಲ್ಲಿ ಎರಡು ಮರಿ ಸತ್ತವು ಎಂದೂ ಬರೆದಿದ್ದೇನೆ. ನಗುವವರು ನಗಲಿ.

ಇಂದು ಬೆಳಿಗ್ಗೆ ಬೀಜಮನೆಯಿಂದ ಒಬ್ಬಾಕೆ ಬಂದು ಎಣಿಸಿದಳು. ಏಳು. ಒಂದೊಂದೂ ನನ್ನ ನಡುಬೆರಳಿನಷ್ಟು ಉದ್ದ, ಮರಳಿನೊಳಗೆ ಮೂತಿ ತೂರಿಸಿ ಮನೆ ಮಾಡಿಕೊಂಡಿವೆ. ಮುಂದಿನ ವರ್ಷಕ್ಕೂ ಮರಿ ಕೊಡುತ್ತೇವೆ ಎಂದು ಬರೆದುಕೊಟ್ಟಳು. ಸುದ್ದಿ ಕೇಳಿ ಚಿಕ್ಕಿ ಪಾಗಾರ ದಾಟಿ ಬಂದಳು. ಒಬ್ಬಳೇ ಬಂದಳು, ಹಿಡಿದುಕೊಳ್ಳಲು ಹೋದವರ ಕೈ ತಳ್ಳಿದಳು. ಮೊದಲು ದೈವಕ್ಕೆ ಕೈಮುಗಿದು, ಆಮೇಲೆ ತೊಟ್ಟಿಯ ಎದುರು ನೆಲದಲ್ಲೇ ಕೂತಳು.

ಇನ್ನು ನನ್ನ ಬೇಡಿಕೆ. ಬೇಡುವುದಿಲ್ಲ ಎಂದಿದ್ದೆ, ಒಂದು ಬೇಡುತ್ತೇನೆ. ಈ ಓಲೆ ಬೊಬ್ಬರ್ಯನ ದಯೆಯಿಂದ ನಿಮ್ಮ ಕೈ ಸೇರುವಾಗ ನೀವು ಇನ್ನೂ ಅಂಟಿಸದಿದ್ದರೆ, ಅಂಟಿಸಬೇಡಿ. ಆ ಅನ್ನವನ್ನು ಊಟ ಮಾಡಿ. ನಿಮ್ಮ ಯಜಮಾನರು ನಗುತ್ತಾರೆ, ನಕ್ಕು ಮರೆಯುತ್ತಾರೆ. ಉಜ್ಜಿದ್ದನ್ನು ಬರೆದಷ್ಟೇ ದೊಡ್ಡ ಅಕ್ಷರದಲ್ಲಿ ಕೊಂದದ್ದನ್ನೂ ಬರೆಯಿರಿ. ನಿಮ್ಮ ನಂತರ ಬರುವವರು ನಿಮ್ಮನ್ನು ನಂಬುತ್ತಾರೆ. ನಂಬುವವರ ಮೇಲೆ ದಯೆ ಇರಲಿ.

ಇಷ್ಟು ಬರೆದು ಮುಗಿಸುವವಳಿದ್ದೆ. ಚಿಕ್ಕಿ ಪಕ್ಕದಲ್ಲಿ ಕೂತಿದ್ದಾಳೆ, ಅಜ್ಜಿಗೆ ನೀನೇನಾದರೂ ಹೇಳುವುದುಂಟೇ ಎಂದು ಕೇಳಿದೆ. ಇಪ್ಪತ್ತಾರು ವರ್ಷದ್ದನ್ನೆಲ್ಲ ಹೇಳಲಿ, ನನಗಿಂತ ಚೆನ್ನಾಗಿ ಬಯ್ಯಲಿ ಎಂದುಕೊಂಡು ಪೆನ್ನು ಹಿಡಿದು ಕಾದೆ. ಅವಳು ಮೀನಿನಿಂದ ಕಣ್ಣು ತೆಗೆಯಲಿಲ್ಲ. ಪುಸ್ತಕದಲ್ಲಿ ಎಲ್ಲೂ ಬರೆದಿಲ್ಲವಲ್ಲ, ಅಂದು ಬಂದ ಗಂಡಿನ ಕಡೆಯವರು ಒಪ್ಪಿದರಾ, ಆ ನಾದಿನಿಯ ಮದುವೆ ಆಯಿತಾ ಎಂದು ಕೇಳಿ ಬರೆ ಎಂದಳು.

ನಾನು ಕೇಳುತ್ತಿಲ್ಲ, ನನಗಿನ್ನೂ ಸಿಟ್ಟು ಇಳಿದಿಲ್ಲ. ಕೇಳುತ್ತಿರುವುದು ಅವಳು. ಅವಳಿಗಾಗಿ ಒಂದು ಸಾಲು ಬರೆದಿಡಿ. ಪುಸ್ತಕ ಗುಡಿಯಲ್ಲೇ ಇದೆ, ಮುಂದಿನ ಶುಕ್ರವಾರ ನಾವು ತೆರೆದು ನೋಡುತ್ತೇವೆ.

ನಿಮ್ಮ,
ಮುಕಾಂಬು